ಶ್ಕರ್ಬಿನಾ ಹಾದಿಯ ಕೆಂಪು ಉಂಗುರಗಳು

ಹಾದಿ ಪೊಲೋನಾಳ ಅಂಗಳದ ನಡುವೆಯೇ ಹೋಗುತ್ತಿತ್ತು. ಕೆಳಗೆ ಸೇತುವೆಯ ಹತ್ತಿರ ರಸ್ತೆಯನ್ನು ಬಿಟ್ಟು ಹೊರಳಿ, ಬೀಚ್ ಮರಗಳ ಕಾಡು ಹತ್ತಿ, ಅವಳ ಕೊಟ್ಟಿಗೆಗೂ ನೀರಿನ ತೊಟ್ಟಿಗೂ ನಡುವೆ ನುಸುಳಿ, ಹಿಂದಿನ ಹುಲ್ಲುಗಾವಲು ದಾಟಿ, ಎರಡು ಬಂಡೆಗೋಡೆಗಳ ನಡುವಿನ ಶ್ಕರ್ಬಿನಾ ಎಂಬ ಸಂದಿಗೆ ಏರುತ್ತಿತ್ತು. ಸಂದಿಯ ಆಚೆ ಚಾರಣಿಗರ ತಂಗುಮನೆ. ಈಚೆ, ಮನೆಯೆಂದು ಇದ್ದದ್ದು ಅವಳದೊಂದೇ.

ಆ ಹಾದಿಗೆ ಗುರುತು ಹಾಕುವವಳೂ ಅವಳೇ. ಅಪ್ಪ ಫ್ಲೋರಿಯಾನ್ ಸತ್ತ ವರ್ಷ ಪರ್ವತ ಸಂಘದವರು ಅವನ ಕುಂಚ ಇನ್ನು ಯಾರಿಗೆ ಕೊಡುವುದೆಂದು ಯೋಚಿಸುತ್ತಿರುವಾಗಲೇ ಅವಳು ಡಬ್ಬ ಹಿಡಿದು ಹೊರಟಿದ್ದಳು. ಮೊದಲು ಬಿಳಿ ಚುಕ್ಕೆ. ಅದು ಒಣಗಿದ ಮೇಲೆ ಸುತ್ತ ಕೆಂಪು ಉಂಗುರ. ಅವಸರ ಮಾಡಿದರೆ ಎರಡೂ ಕಲೆಸಿ ಗುಲಾಬಿಯಾಗುತ್ತದೆ, ಮಂಜಿನಲ್ಲಿ ದಾರಿ ಹುಡುಕುವವನಿಗೆ ಅದು ಕಾಣುವುದಿಲ್ಲ. ಒಣಗುವವರೆಗೆ ಬಂಡೆಯ ಪಕ್ಕ ಕೂತಿರಬೇಕು. ಪೊಲೋನಾಗೆ ಕೂತಿರುವುದು ಚೆನ್ನಾಗಿ ಬರುತ್ತಿತ್ತು.

ಮದುವೆಯಾಗಲಿಲ್ಲ. ಕೇಳಿದವನೊಬ್ಬ ಟ್ರಿಯೆಸ್ಟೆಯ ಬಂದರಿಗೆ ಕೆಲಸಕ್ಕೆ ಹೋದ. ನೀನೂ ಬಾ ಎಂದ. ಅಪ್ಪನ ಹಸುಗಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದಳು. ಅಷ್ಟಕ್ಕೇ ಆ ಕತೆ ಮುಗಿಯಿತು. ಅಕ್ಟೋಬರಿನಿಂದ ಮೇ ತಿಂಗಳವರೆಗೆ ಅಂಗಳಕ್ಕೆ ಯಾರೂ ಬರುತ್ತಿರಲಿಲ್ಲ. ಮಾತಿಲ್ಲದೆ ದನಿ ಒಳಗೆಲ್ಲೋ ಇಳಿದುಬಿಡುತ್ತಿತ್ತು. ಜೂನ್ ತಿಂಗಳ ಮೊದಲ ಚಾರಣಿಗನಿಗೆ ಅವಳು ಎರಡು ಸಲ ಕೆಮ್ಮಿಯೇ ಉತ್ತರ ಕೊಡಬೇಕಾಗುತ್ತಿತ್ತು.

ಆಮೇಲೆ ಮಾತೇ ಮಾತು. ನಮ್ಮ ಕಡೆ ಸಾವಿರ ಮೀಟರ್ ದಾಟಿದರೆ ಯಾರಿಗೂ ಬಹುವಚನವಿಲ್ಲ. ಮಂತ್ರಿಯೂ ನೀನು, ಮರ ಕಡಿಯುವವನೂ ನೀನು. ಪೊಲೋನಾಳ ಅಂಗಳ ಆ ಎತ್ತರಕ್ಕೆ ಸ್ವಲ್ಪ ಕೆಳಗಿತ್ತು. ಒಮ್ಮೆ ರಾಜಧಾನಿ ಲ್ಯುಬ್ಲ್ಯಾನಾದ ನ್ಯಾಯಾಧೀಶರೊಬ್ಬರು ತೊಟ್ಟಿಯಲ್ಲಿ ಕಾಲು ಅದ್ದಿದರು.

“ಸ್ವಾಮಿ, ಅದು ಹಸು ಕುಡಿಯೋ ನೀರು,” ಅಂದಳು ಪೊಲೋನಾ. “ಕೊಟ್ಟಿಗೆ ಹಿಂದೆ ನಾಲ್ಕು ಹೆಜ್ಜೆ ಮೇಲೆ ಬನ್ನಿ. ಅಲ್ಲಿ ಸಾವಿರ ಆಗುತ್ತೆ, ಆಮೇಲೆ ನಿಮ್ಮನ್ನ ಸರಿಯಾಗಿ ಬೈತೀನಿ.”

ಅವರು ನಗುತ್ತ ಹೋಗಿ ನಿಂತು ಬೈಸಿಕೊಂಡರಂತೆ. ಹೋಗುವಾಗ ಹುಳಿಮಜ್ಜಿಗೆಯನ್ನೂ ಕುಡಿದರಂತೆ.

ಒಂದು ವಸಂತದಲ್ಲಿ, ಹಿಮ ಕರಗುವಾಗ, ಶ್ಕರ್ಬಿನಾದ ಎಡಗೋಡೆಯ ಒಂದು ಭಾಗ ಕಳಚಿ ಬಿತ್ತು. ಬಿದ್ದು ಸುಮ್ಮನಾಗಲಿಲ್ಲ. ಬಿಸಿಲೇರಿದ ಮೇಲೆ ದಿನವೂ ಕಲ್ಲುಗಳು ಒಂದೊಂದಾಗಿ ಉರುಳುವ ಸದ್ದು ಅಂಗಳದವರೆಗೆ ಕೇಳುತ್ತಿತ್ತು. ಸಂಘದಲ್ಲಿ ಹಾದಿಗಳ ಉಸ್ತುವಾರಿ ನೋಡುವ ಗಾಶ್ಪೆರ್ ಹತ್ತಿ ಬಂದ. ಅವಳು ಎತ್ತಿ ಆಡಿಸಿದ ಹುಡುಗ, ಈಗ ಅರ್ಧ ತಲೆ ಬೋಳು.

“ಪೊಲೋನತ್ತೆ, ಹಾದಿ ಮುಚ್ತಾ ಇದೀವಿ.”

“ಈ ವರ್ಷಕ್ಕಾ?”

“ಯಾವಾಗ್ಲೂ. ಆ ಗೋಡೆ ಇನ್ನು ನಿಲ್ಲಲ್ಲ. ತಂಗುಮನೆಗೆ ಹೊಸ ದಾರಿ ಹೊಳೆ ಆಚೆಯಿಂದ, ಕಾರ್ ನಿಲ್ಲಿಸೋ ಜಾಗದಿಂದ.”

ಅವಳು ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದಳು. ಕೋಲು ನಿಲ್ಲಿಸಲಿಲ್ಲ.

“ಅಂದ್ರೆ ಇಲ್ಲಿಗೆ ಯಾರೂ ಬರಲ್ಲ.”

“ಕರಡಿ ಬರುತ್ತಲ್ಲ,” ಅಂದ ಗಾಶ್ಪೆರ್, ನಗಿಸಲು.

“ಬರ್ಲಿ ಬಿಡು. ನಿನ್ನಷ್ಟು ತಿನ್ನಲ್ಲ ಅದು.”

ಅವನು ಊಟ ಮುಗಿಸಿ, ಕೇಳಲಾರದೆ ಕೇಳಿದ. “ಗುರುತು ಅಳಿಸ್ಬೇಕು ಅತ್ತೆ. ಬೇರೆಯವರನ್ನ ಕಳಿಸ್ಲಾ?”

“ನನ್ನ ಗುರುತು ಇನ್ಯಾರೋ ಕೆರೆಯೋದಾ? ಬೂದು ಬಣ್ಣ ತಂದು ಕೊಡು ಸಾಕು.”

ಅವನು ಬಣ್ಣ ತಂದುಕೊಟ್ಟ. ಸೇತುವೆಯ ಹತ್ತಿರ ಹಾದಿ ಮುಚ್ಚಿದೆ ಎಂಬ ಹಲಗೆಯನ್ನೂ ಜಡಿದು ಹೋದ.

ಪೊಲೋನಾ ಮೇಲಿನಿಂದ ಶುರು ಮಾಡಿದಳು. ಬಂಡೆ ಇನ್ನೂ ತಣ್ಣಗಿದ್ದು ಕಲ್ಲುಗಳು ಅಲುಗದ ಬೆಳಗಿನ ಹೊತ್ತಿನಲ್ಲಿ ಹೋಗಿ, ತಂತಿ ಬ್ರಷ್‌ನಿಂದ ಉಜ್ಜಿ, ಉಳಿದದ್ದನ್ನು ಉಳಿಯಿಂದ ಕೆತ್ತಿ, ಬೂದು ಬಣ್ಣ ತೆಳ್ಳಗೆ ಎಳೆದು, ಪಾಚಿ ಬೇಗ ಹಿಡಿಯಲೆಂದು ಮೇಲೆ ಹುಳಿಮಜ್ಜಿಗೆ ಸವರುತ್ತಿದ್ದಳು. ತನ್ನ ಕೆಂಪಿನ ಕೆಳಗೆ ಅಪ್ಪನ ಕೆಂಪು ಸಿಗುತ್ತಿತ್ತು, ಸ್ವಲ್ಪ ಕಂದು. ಅದನ್ನೂ ಉಜ್ಜಿದಳು. ಹೀಗೆ ದಿನಕ್ಕಿಷ್ಟು ಇಳಿಯುತ್ತ ಹುಲ್ಲುಗಾವಲಿನ ಮೇಲಂಚಿಗೆ ಬಂದಾಗ ಕೆಲಸ ನಿಲ್ಲಿಸಿದಳು.

ಇಲ್ಲಿಂದ ಕೆಳಗೆ ಅಪಾಯವೇನಿದೆ ಎಂದುಕೊಂಡಳು. ಹುಲ್ಲು, ಕಾಡು, ತನ್ನ ಮನೆ. ಜನ ಹುಲ್ಲುಗಾವಲಿನವರೆಗೆ ಬಂದು ಹೋದರೆ ಯಾರಿಗೆ ಏನು ನಷ್ಟ? ಮುಗಿಯಿತಾ ಎಂದು ಗಾಶ್ಪೆರ್ ಫೋನಿನಲ್ಲಿ ಕೇಳಿದ. ಮೇಲಿನದೆಲ್ಲ ಆಯಿತು ಎಂದಳು. ಅದು ಸುಳ್ಳಾಗಿರಲಿಲ್ಲ.

ಜೂನ್ ಪೂರ್ತಿ ಯಾರೂ ಬರಲಿಲ್ಲ. ಹೊಳೆಯ ಆಚೆ, ಹೊಸ ಹಾದಿಯಲ್ಲಿ, ಬಣ್ಣಬಣ್ಣದ ಚೀಲಗಳು ಸಾಲಾಗಿ ಏರುವುದು ಕಾಣುತ್ತಿತ್ತು. ಗಾಳಿ ಈ ಕಡೆ ತಿರುಗಿದರೆ ನಗುವೂ ಕೇಳುತ್ತಿತ್ತು.

ಜುಲೈ ತಿಂಗಳ ಒಂದು ಬೆಳಿಗ್ಗೆ ಕಾಡಿನಿಂದ ಇಬ್ಬರು ಹತ್ತಿ ಬಂದರು. ಮಾರಿಬೋರ್ ಕಡೆಯ ನೀಕಾ, ಅವಳ ಗಂಡ ಉರೋಶ್. ಪೊಲೋನಾ ಎರಡು ಸಲ ಕೆಮ್ಮಿದಳು. ಆಮೇಲೆ ನಿಲ್ಲಿಸಲಾಗಲಿಲ್ಲ. ತೊಟ್ಟಿಯ ನೀರು ಎಲ್ಲಿಂದ ಬರುತ್ತದೆ, ಯಾವ ಹಸು ಒದೆಯುತ್ತದೆ, ನ್ಯಾಯಾಧೀಶರ ಕತೆ, ಎಲ್ಲ ಹೇಳಿದಳು. ಉರೋಶ್ ಮಜ್ಜಿಗೆ ಕುಡಿದು ಮುಖ ಕಿವುಚಿದ.

“ಇಷ್ಟು ಹುಳಿನಾ ಅಜ್ಜಿ!”

“ಪೇಟೆ ಹುಡುಗ್ರಿಗೆ ಸಕ್ಕರೆ ಹಾಕಿ ಕೊಡ್ಬೇಕು ಅಂತ ಮರೆತೇಬಿಟ್ಟೆ.”

ನೀಕಾ ನಕ್ಕಳು. “ಮದುವೆಯಾದಾಗಿಂದ ನಾನು ಅದನ್ನೇ ಮಾಡ್ತಾ ಇದೀನಿ.”

“ಹುಲ್ಲುಗಾವಲಿನವರೆಗೆ ಹೋಗಿ ಬನ್ನಿ, ಈಗ ಹೂ ಬಿಟ್ಟಿದೆ,” ಅಂದಳು ಪೊಲೋನಾ. “ಮಧ್ಯಾಹ್ನ ನನ್ನ ಜೊತೆನೇ ಊಟ.” ಅದರಾಚೆ ಹಾದಿ ಮುಚ್ಚಿದೆ ಎಂಬ ಮಾತು ಬಾಯಿಯವರೆಗೆ ಬಂತು. ಹೇಳಿದರೆ ಇವರು ಇಲ್ಲಿಂದಲೇ ತಿರುಗಿ ಹೊಳೆಯಾಚೆಗೆ ಹೋಗಿಬಿಡುತ್ತಾರೆ ಎನ್ನಿಸಿತು. ಹೇಳಲಿಲ್ಲ.

ಮೂವರಿಗೆ ಮುದ್ದೆ ತಿರುವಿದಳು. ಮುದ್ದೆ ಗಟ್ಟಿಯಾಯಿತು, ಮೇಲೆ ಕೆನೆ ಕಟ್ಟಿತು. ಬಿಸಿಲು ಎಡಗೋಡೆಗೆ ತಲುಪಿತು. ಮೊದಲ ಕಲ್ಲು ಉರುಳಿದ ಸದ್ದು ಕೇಳಿದಾಗ ಅವಳು ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ಊರುಗೋಲನ್ನೂ ಮರೆತು ಓಡಿದಳು.

ಹುಲ್ಲುಗಾವಲಿನಲ್ಲಿ ಅವರಿರಲಿಲ್ಲ. ಮೇಲೆ, ಕುಸಿದ ಕಲ್ಲುರಾಶಿಯ ಮಧ್ಯೆ, ಒಬ್ಬರ ಹಿಂದೊಬ್ಬರು ನಿಂತು ಅತ್ತ ಇತ್ತ ನೋಡುತ್ತಿದ್ದರು. ಏನೋ ಹುಡುಕುವವರ ಹಾಗೆ. ಅವರ ತಲೆಯ ಮೇಲುಗಡೆಯಿಂದ ಪುಡಿಕಲ್ಲು ಸುರಿಯುತ್ತಿತ್ತು.

“ಅಲ್ಲಾಡ್ಬೇಡಿ!” ಚಳಿಗಾಲವೆಲ್ಲ ಒಳಗಿದ್ದ ದನಿ ಒಮ್ಮೆಗೇ ಹೊರಬಂತು. “ಉರೋಶ್, ಗೋಡೆಗೆ ಅಂಟ್ಕೊಂಡು ನಿಲ್ಲು! ನೀಕಾ, ನೀನು ಮೊದ್ಲು. ನಾನು ಹೇಳಿದ ಕಲ್ಲಿನ ಮೇಲೆ ಮಾತ್ರ ಕಾಲಿಡು. ಎಡಕ್ಕೆ. ಇನ್ನೂ ಎಡಕ್ಕೆ. ಹೂಂ.”

ಆ ನೆಲದ ಪ್ರತಿ ಬಂಡೆಯೂ ಅವಳಿಗೆ ಗೊತ್ತಿತ್ತು, ಗೊತ್ತಿದ್ದ ಜಾಗದಲ್ಲಿ ಈಗ ಅರ್ಧವೂ ಇರಲಿಲ್ಲ. ಆದರೂ ಇಳಿಸಿದಳು. ಉರೋಶ್ ನಿಂತಿದ್ದ ಜಾಗಕ್ಕೆ, ಅವನು ಬಿಟ್ಟ ಸ್ವಲ್ಪ ಹೊತ್ತಿಗೆ, ಒಲೆಯಷ್ಟು ದೊಡ್ಡ ಕಲ್ಲು ಬಂದು ಒಡೆಯಿತು.

ಹುಲ್ಲಿನ ಮೇಲೆ ಕೂತು ನೀಕಾ ಬೂಟಿನೊಳಗಿನ ಪುಡಿಕಲ್ಲು ಸುರಿದಳು.

“ಸೇತುವೆ ಹತ್ರ ಬೋರ್ಡ್ ನೋಡ್ಲಿಲ್ವಾ?” ಅಂದಳು ಪೊಲೋನಾ.

“ನೋಡಿದ್ವಿ. ಅದ್ರ ಪಕ್ಕದಲ್ಲೇ ಗುರುತು ಅಷ್ಟು ಚೆನ್ನಾಗಿತ್ತು. ಬೋರ್ಡ್ ತೆಗೆಯೋದು ಮರೆತಿರ್ಬೇಕು ಅಂದ್ಕೊಂಡ್ವಿ. ಮೇಲೆ ಬಂದ್ಮೇಲೂ, ಮುಂದಿನ ಗುರುತು ಇಲ್ಲೇ ಎಲ್ಲೋ ಇರುತ್ತೆ ಅಂತ.” ನೀಕಾ ಅವಳ ಮುಖ ನೋಡಿದಳು. “ಇಲ್ಲೀತನಕ ಹಾಕಿದೋರು ಮಧ್ಯದಲ್ಲಿ ಕೈಬಿಡಲ್ಲ ಅಲ್ವಾ ಅಜ್ಜಿ?”

ಪೊಲೋನಾ ಎದ್ದು ಅವರನ್ನು ಮನೆಗೆ ಕರೆತಂದಳು. ತಣ್ಣಗಾದ ಮುದ್ದೆಯನ್ನು ಹೋಳು ಮಾಡಿ, ಬೆಣ್ಣೆಯಲ್ಲಿ ಹುರಿದು, ಇಬ್ಬರಿಗೂ ಬಡಿಸಿದಳು. ತಾನು ತಿನ್ನಲಿಲ್ಲ. ಅವರು ಹೊರಡುವಾಗ, “ಮುಂದಿನ ವರ್ಷ ಮತ್ತೆ ಬರ್ತೀವಿ,” ಅಂದಳು ನೀಕಾ. “ಬನ್ನಿ,” ಅಂದಳು ಪೊಲೋನಾ. ದಾರಿಹೋಕರು ಹಾಗೆ ಅನ್ನುವುದುಂಟು.

ಮರುದಿನ ಅವಳು ಹುಲ್ಲುಗಾವಲಿನ ಗುರುತುಗಳನ್ನು ಅಳಿಸಿದಳು. ಅದರ ಮರುದಿನ ಅಂಗಳದ್ದು. ಆಮೇಲೆ ಕಾಡಿನದು. ಮರದ ಮೇಲಿದ್ದವನ್ನು ತೊಗಟೆಯ ಹೊರಪದರವಷ್ಟೇ ಹೋಗುವಂತೆ, ಮರಕ್ಕೆ ನೋವಾಗದಂತೆ ಕೆರೆದಳು. ಕೊನೆಗೆ ಸೇತುವೆಯ ಕಲ್ಲಿನ ಮೇಲಿದ್ದದ್ದು. ಕಳೆದ ಶರತ್ಕಾಲದಲ್ಲಷ್ಟೇ ಹೊಸದಾಗಿ ಬರೆದ ಉಂಗುರ, ಅಂಚು ಎಲ್ಲೂ ಕದಡಿರಲಿಲ್ಲ. ಅದು ಸುಲಭವಾಗಿ ಹೋಗಲಿಲ್ಲ. ಸಂಜೆಯವರೆಗೂ ಅಲ್ಲೇ ಮೊಣಕಾಲೂರಿದ್ದಳು. ಮನೆಗೆ ಹೋಗಿ ಗಾಶ್ಪೆರ್‌ಗೆ ಫೋನ್ ಮಾಡಿ, “ಈಗ ಮುಗೀತು,” ಅಂದಳು. ಅವನು ಏನೋ ಕೇಳುವಷ್ಟರಲ್ಲಿ ಇಟ್ಟುಬಿಟ್ಟಳು.

ಶನಿವಾರ ಅವಳು ಮನೆಯ ಕೆಳಗಿನ ಇಳಿಜಾರಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಸೇತುವೆಯ ಹತ್ತಿರ ನಾಲ್ಕೈದು ಜನ ಬಂದು ನಿಂತರು. ಒಬ್ಬ ಈ ಕಡೆ ಕಾಡಿನತ್ತ ನೋಡಿದ, ಕಲ್ಲನ್ನೂ ನೋಡಿದ. ಕೂಗಿದರೆ ಕೇಳುವಷ್ಟು ದೂರವೇ. ಅವಳು ಕುಡುಗೋಲು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿಕೊಂಡಳು.

ಅವರು ಹೊಳೆ ದಾಟಿ ಆಚೆಗೆ ಹೋದರು. ತಿರುವಿನಲ್ಲಿ ಕೊನೆಯವನ ಚೀಲ ಮರೆಯಾಗುವವರೆಗೆ ನೋಡಿ, ಪೊಲೋನಾ ಮತ್ತೆ ಹುಲ್ಲಿಗೆ ಬಗ್ಗಿದಳು.