ಬತ್ತಿಯ ಪಕ್ಕದ ಗುಳಿ

ಮೇಣದಬತ್ತಿ ಮಾಡುವ ಕೆಲಸದಲ್ಲಿ ಅತ್ತೆ ಯಾರಿಂದಲೂ ಏನನ್ನೂ ಮುಚ್ಚಿಡುವವರಲ್ಲ. ಅಡುಗೆಮನೆಯ ಹಿಂದಿನ ಆ ಚಿಕ್ಕ ಕೋಣೆಗೆ ಬಾಗಿಲೇ ಇರಲಿಲ್ಲ. ಇದ್ದ ಬಾಗಿಲನ್ನು ಅವರೇ ಕೀಳಿಸಿ, ಎರಡು ಕಬ್ಬಿಣದ ಕಾಲುಗಳ ಮೇಲೆ ಮಲಗಿಸಿ ಮೇಜು ಮಾಡಿಕೊಂಡಿದ್ದರು. ಪಕ್ಕದ ಮನೆಯವರು ಬರಲಿ, ಗ್ಯಾಸ್ ಸಿಲಿಂಡರ್ ತಂದವನು ಬರಲಿ, ನಿಂತು ನೋಡಿದರೆ ನೋಡಲಿ ಎನ್ನುವ ಸ್ವಭಾವ. ಒಂದು ಗಳಿಗೆ ಮಾತ್ರ ಬೇರೆ. ಅಚ್ಚಿಗೆ ಅರ್ಧ ಮೇಣ ಹುಯ್ದು, ಅದು ಗಟ್ಟಿಯಾಗುವವರೆಗೆ ಕಾದು, ಇನ್ನರ್ಧ ಹುಯ್ಯುವ ಮೊದಲು ಅವರು ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಮೊಣಕೈ ಒಂದೆರಡು ಸಲ ಅಲುಗುತ್ತಿತ್ತು. ಮತ್ತೆ ಈಚೆ ತಿರುಗಿದಾಗ ಮುಖದಲ್ಲಿ ಏನೂ ಇರುತ್ತಿರಲಿಲ್ಲ.

"ಅತ್ತೆ, ಒಳಗೆ ಏನು ಹಾಕಿದ್ರಿ?" ಎಂದು ಸೊಸೆ ಒಂದು ದಿನ ತಡೆಯಲಾರದೆ ಕೇಳಿದ್ದಳು.

"ಉರಿಸಿ ನೋಡಿದೋರಿಗೆ ಗೊತ್ತಾಗುತ್ತೆ."

"ಇದುವರೆಗೂ ಯಾರಾದ್ರೂ ಉರಿಸಿದಾರಾ?"

"ಯಾಕೆ, ನಿನ್ನ ಮದುವೇಲಿ ಒಂದು ಕೊಟ್ಟಿದ್ನಲ್ಲ. ನೀನು ಉರಿಸಿದ್ಯಾ?"

ನಾಲ್ಕು ವರ್ಷದಿಂದ ಆ ಬತ್ತಿ ಗಾಜಿನ ಕಪಾಟಿನಲ್ಲಿ ಮಹಾರಾಣಿಯ ಹಾಗೆ ಕೂತಿತ್ತು. ನೀರಿನ ಲೋಟದಷ್ಟು ದಪ್ಪ, ಹಾಲಿನಂಥ ಬಿಳುಪು, ಸುತ್ತ ಹಸಿರು ಎಲೆಗಳ ನಡುವೆ ಕೆಂಪು ಹಕ್ಕಿಗಳು. ಅಂಥದ್ದಕ್ಕೆ ಕಡ್ಡಿ ಗೀರಲು ಯಾರಿಗೆ ಮನಸ್ಸು ಬಂದೀತು? ಮಾತು ಅಲ್ಲಿಗೆ ಮುಗಿಯಿತು. ಆದರೆ ಸೊಸೆಯ ತಲೆಗೆ ಹುಳ ಬಿಟ್ಟಂತಾಯಿತು.

ಉಳಿದ ಕೆಲಸವೆಲ್ಲ ಅವಳಿಗೆ ನೋಡಿ ನೋಡಿ ಬಾಯಿಪಾಠವಾಗಿತ್ತು. ಬಣ್ಣದ ಮೇಣವನ್ನು ತಟ್ಟೆಯಲ್ಲಿ ತೆಳ್ಳಗೆ ಹರಡಿ, ಇನ್ನೂ ಬೆಚ್ಚಗಿರುವಾಗಲೇ ತಗಡಿನ ಅಂಚಿನಿಂದ ಎಲೆ, ಚುಕ್ಕಿ, ಚಂದ್ರ ಕತ್ತರಿಸುತ್ತಿದ್ದರು ಅತ್ತೆ. ಹಕ್ಕಿ ಮಾತ್ರ ಸಣ್ಣ ಚಾಕುವಿನ ಕೆಲಸ: ಕೆಂಪು ಮೈಗೆ ನೀಲಿ ರೆಕ್ಕೆ, ಹಳದಿ ಕೊಕ್ಕು, ಸೂಜಿ ಮೊನೆಯಲ್ಲಿ ಕಣ್ಣು. ಇವನ್ನೆಲ್ಲ ಬೆರಳಿನ ಕಾವಿಗೆ ಮೆತ್ತಗೆ ಮಾಡಿ ಅಚ್ಚಿನ ಒಳಮೈಗೆ ಒತ್ತಿ ಅಂಟಿಸಬೇಕು. ಆಮೇಲೆ ಬಿಳಿ ಮೇಣ. ಅದರ ಬಿಸಿ ಹೆಚ್ಚಾದರೆ ಹಕ್ಕಿ ಕರಗಿ ಬಣ್ಣ ಇಳಿಯುತ್ತದೆ. ಕಡಿಮೆಯಾದರೆ ಮೇಣ ಹಕ್ಕಿಯನ್ನು ಅಪ್ಪಿಕೊಳ್ಳದೆ ಸೀಳು ಬಿಡುತ್ತದೆ. ಕುದಿನೀರಿನ ಪಾತ್ರೆಯೊಳಗೆ ಇಟ್ಟು ಕರಗಿಸಿದ ಮೇಣವನ್ನು ಕೆಳಗಿಳಿಸಿ, ಅದರ ಅಂಚಿನಲ್ಲಿ ಹಾಲಿನ ಕೆನೆಯಂಥ ಪೊರೆ ಕಾಣುವವರೆಗೆ ಅತ್ತೆ ಕಣ್ಣು ಮಿಟುಕಿಸದೆ ನಿಲ್ಲುತ್ತಿದ್ದರು. ಪೊರೆ ಬಂತೋ, ಹುಯ್ಯುವುದು. ಆರುವಾಗ ಮೇಣ ಕುಗ್ಗಿ, ನಟ್ಟನಡುವೆ, ಬತ್ತಿಯ ದಾರದ ಪಕ್ಕ, ಒಂದು ಗುಳಿ ಬೀಳುತ್ತದೆ. ಅತ್ತೆ ಗೋಡೆಯ ಕಡೆ ತಿರುಗುತ್ತಿದ್ದದ್ದು ಆ ಗುಳಿ ಬಿದ್ದ ಮೇಲೆ.

ಮದುವೆಯಾದ ಹೊಸದರಲ್ಲೇ ಅತ್ತೆ ಮೇಣದಬತ್ತಿ ಕಾರ್ಖಾನೆಗೆ ಸೇರಿದವರು. ಅಲ್ಲಿ ಹಕ್ಕಿಯೂ ಇಲ್ಲ, ಚುಕ್ಕಿಯೂ ಇಲ್ಲ; ಕರೆಂಟು ಹೋದಾಗ ಹಚ್ಚುವ ಬೋಳು ಬಿಳಿ ಬತ್ತಿ ಅಷ್ಟೇ. ಹದಿನೆಂಟು ವರ್ಷ ದಾರ ಕತ್ತರಿಸಿದರು. ಬರಬರುತ್ತಾ ಊರಿನಲ್ಲಿ ಕರೆಂಟು ಹೋಗುವುದು ನಿಂತಿತು, ಹಿಂದೆಯೇ ಕಾರ್ಖಾನೆಯೂ ನಿಂತಿತು. "ಊರಿಗೆಲ್ಲ ಬೆಳಕಾಯ್ತು, ನಮ್ಮನೆಗೆ ಕತ್ತಲೆ ಬಂತು" ಎಂದು ಮಾವ ಇರುವಷ್ಟು ದಿನ ತಮಾಷೆ ಮಾಡುತ್ತಿದ್ದರಂತೆ. ಕೊನೆಯ ದಿನ ಮಿಕ್ಕವರು ಮೇಸ್ತ್ರಿಯ ಹತ್ತಿರ ಏನೇನೋ ಕೇಳುತ್ತಿದ್ದರೆ, ಅತ್ತೆ ಮೂಲೆಯಲ್ಲಿ ಬಿದ್ದಿದ್ದ ದಪ್ಪ ಬತ್ತಿಯ ಆರು ಅಚ್ಚು ಕೇಳಿದರು.

"ನೆಗ್ಗಿದ್ವು, ಅದಕ್ಕೇ ಕೊಟ್ರು," ಎನ್ನುತ್ತಿದ್ದರು. "ನೆಗ್ಗಿದ ಜಾಗ ಕಾಣದೆ ಇರ್ಲಿ ಅಂತ ಅಲ್ಲಿಗೊಂದು ಎಲೆ ಅಂಟಿಸಿದೆ. ಶುರುವಾಗಿದ್ದು ಹಾಗೆ."

ಸೊಸೆ ಓದಿದ್ದು ದೊಡ್ಡ ಪಟ್ಟಣದಲ್ಲಿ. ಗಾಬರಿಯಾಗುವುದನ್ನೂ ಅಲ್ಲೇ ಕ್ರಮವಾಗಿ ಕಲಿತು ಬಂದಂತಿತ್ತು. ಹತ್ತು ತಿಂಗಳ ಮಗಳು ಸೀನಿದರೆ ಇವಳ ಎದೆ ಧಸಕ್ಕೆನ್ನುತ್ತಿತ್ತು, ಸೀನದಿದ್ದರೆ ಯಾಕೆ ಸೀನಲಿಲ್ಲ ಎಂದು ಯೋಚನೆ ಹತ್ತುತ್ತಿತ್ತು. ಸ್ನಾನದ ನೀರಿಗೊಂದು, ಹಾಲಿಗೊಂದು, ಜ್ವರಕ್ಕೊಂದು ಥರ್ಮಾಮೀಟರ್ ಇಟ್ಟಿದ್ದಳು. "ಮಗೂಗೆ ಹಲ್ಲು ಎರಡು, ಥರ್ಮಾಮೀಟರ್ ಮೂರು" ಎಂದು ಅತ್ತೆ ಬಂದವರಿಗೆಲ್ಲ ಹೇಳಿ ನಗಿಸುತ್ತಿದ್ದರು.

ಈಗ ಮಗು ಗೋಡೆ ಹಿಡಿದು ನಿಲ್ಲತೊಡಗಿತ್ತು. ಒಂದು ಮಧ್ಯಾಹ್ನ ಸೊಸೆ ಟೇಪು ಹಿಡಿದು ಮಗುವಿನ ಎತ್ತಿದ ಕೈಯನ್ನು ಅಳೆದಳು, ಅತ್ತೆಯ ಮೇಜನ್ನೂ ಅಳೆದಳು. ನಡುವೆ ಒಂದು ಗೇಣು. ಆ ಒಂದು ಗೇಣು ಅವಳ ನಿದ್ದೆ ತಿಂದಿತು. ವರ್ಷದ ಕೊನೆಯ ರಜೆಗೆಂದು ಉಡುಗೊರೆ ಅಂಗಡಿಯವನು ಇಪ್ಪತ್ನಾಲ್ಕು ಬತ್ತಿ ಹೇಳಿದ್ದ. ಅಷ್ಟು ಹೋಗಲಿ, ಆಮೇಲೆ ಈ ಮನೆಯಲ್ಲಿ ಮೇಣದ ಒಲೆ ಹಚ್ಚುವುದು ಬೇಡ ಎಂದು ಅತ್ತೆಗೆ ಹೇಳಿಯೇಬಿಡುವುದು ಎಂದು ತೀರ್ಮಾನಿಸಿದಳು. ಗಂಡನಿಗೆ ಹೇಳಿದರೆ ಅವನು ಟವೆಲಿನಿಂದ ತಲೆ ಒರೆಸುವುದನ್ನು ನಿಲ್ಲಿಸಲೇ ಇಲ್ಲ.

"ನೀನೇ ಹೇಳು. ಅಮ್ಮನ ಕೈಯಲ್ಲಿ ಬಿಸಿ ಮೇಣ ಇಲ್ಲದಾಗ ನೋಡ್ಕೊಂಡು ಹೇಳು."

ಹೇಳುವುದು ನಾಲಗೆಯ ತುದಿಯಲ್ಲೇ ಉಳಿಯಿತು. ಅದರ ಜೊತೆಗೆ ಆ ಹುಳವೂ ಕೊರೆಯುತ್ತಿತ್ತು. ಒಲೆ ನಿಂತುಹೋದರೆ, ಒಳಗೆ ಏನಿತ್ತೆಂಬುದು ಯಾವತ್ತಿಗೂ ತಿಳಿಯುವುದಿಲ್ಲವಲ್ಲ.

ಬುಧವಾರ ಬುಧವಾರ ಅತ್ತೆ ತಂಗಿಯ ಮನೆಗೆ ಹೋದರೆ ಬರುವುದು ಸಂಜೆಗೆ. ಅಂಥ ಒಂದು ಬುಧವಾರ ಬೆಳಿಗ್ಗೆ ಅವಳು ಮದುವೆಯ ಬತ್ತಿಯನ್ನು ಕಪಾಟಿನಿಂದ ಇಳಿಸಿದಳು. ಉರಿಯುವ ಬತ್ತಿಯನ್ನು ಮಗು ಓಡಾಡುವ ಕಡೆ ಇಡುವುದುಂಟೇ? ಬಚ್ಚಲಲ್ಲಿ, ಅಗಲದ ಬೇಸಿನ್ನಿಗೆ ನೀರು ಹಾಕಿ, ನಡುವೆ ತಟ್ಟೆ ಬೋರಲು ಹಾಕಿ, ಅದರ ಮೇಲೆ ಬತ್ತಿಯನ್ನು ನಿಲ್ಲಿಸಿ ಹಚ್ಚಿದಳು. ಮರೆತ ಕಡತ ಒಯ್ಯಲು ಬಂದ ಗಂಡ ಬಾಗಿಲಲ್ಲಿ ಇಣುಕಿದ.

"ಏನೇ ಇದು, ಮೇಣದಬತ್ತಿಗೆ ಸ್ನಾನಾನಾ?"

"ಅತ್ತೆಗೆ ಹೇಳ್ಬೇಡಿ."

"ಹೇಳಿದ್ರೂ ನಂಬಲ್ಲ ಬಿಡು."

ಗಂಟೆಗಟ್ಟಲೆ ಏನೂ ಆಗಲಿಲ್ಲ. ಜ್ವಾಲೆ ನಿಧಾನವಾಗಿ ಒಳಗೊಳಗೇ ಇಳಿಯಿತು. ಹೊರಗೋಡೆ ಹಾಗೇ ನಿಂತು ತೆಳ್ಳಗಾಗುತ್ತಾ ಬಂದಂತೆ, ಎಲೆಗಳೂ ಹಕ್ಕಿಗಳೂ ಒಳಗಿನಿಂದ ಬೆಳಗತೊಡಗಿದವು. ಉರಿಯುವಾಗ ಇದು ಹೀಗೆ ಕಾಣುತ್ತದೆಂದು ಅವಳಿಗೆ ಗೊತ್ತೇ ಇರಲಿಲ್ಲ. ಮಧ್ಯಾಹ್ನ ಎರಡರ ಹೊತ್ತಿಗೆ, ಉರಿಯುವ ದಾರದ ಸುತ್ತ ಕರಗಿ ನಿಂತ ಮೇಣದ ತಳದಲ್ಲಿ ಕೆಂಪಗೆ ಏನೋ ತಲೆ ಹಾಕಿತು. ಅಷ್ಟರಲ್ಲೇ ಮಗು ಎದ್ದು ಚೀರಿತು. ಓಡಿದಳು, ಎತ್ತಿಕೊಂಡಳು, ಸಮಾಧಾನ ಮಾಡಿದಳು, ಹಿಂದಿರುಗಿದಳು. ಮೇಣದ ಮಡುವಿನಲ್ಲಿ ಕೆಂಪು ಹನಿಯೊಂದು ನೂಲಿನಂತೆ ಎಳೆದುಕೊಂಡು ಕರಗುತ್ತಿತ್ತು. ಇದ್ದದ್ದು ಒಂದೇ ಒಂದು ಎಂಬುದಷ್ಟೇ ಖಾತ್ರಿ, ಏನೆಂದು ತಿಳಿಯಲಿಲ್ಲ.

ಹುಳ ಇನ್ನೂ ಜೋರಾಯಿತು. ಆ ವಾರವಿಡೀ ಅವಳು ಅತ್ತೆಯ ಬೆನ್ನನ್ನೇ ಕಾದಳು. ಆಗ ಗಮನಕ್ಕೆ ಬಂತು: ಗೋಡೆಯ ಕಡೆ ತಿರುಗಿದಾಗ ಮೊಣಕೈ ಅಲುಗುವುದು ಈಗ ಒಂದೆರಡು ಸಲವಲ್ಲ. ನಾಲ್ಕು, ಐದು, ಒಮ್ಮೊಮ್ಮೆ ಇನ್ನೂ ಹೆಚ್ಚು.

ಬುಡ ಸೀಳಿದ್ದಕ್ಕೆ ಅತ್ತೆ ಪಕ್ಕಕ್ಕಿಟ್ಟಿದ್ದ ಈ ವರ್ಷದ ಬತ್ತಿಯೊಂದನ್ನು ಮುಂದಿನ ಬುಧವಾರ ಬಚ್ಚಲಿಗೆ ಒಯ್ದಳು. ಈ ಸಲ ಮಗುವಿಗೆ ಮೊದಲೇ ಉಣಿಸಿ, ಬಟ್ಟೆ ಬದಲಿಸಿ, ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲೇ ನಿಂತಳು. ಮಗು ಬೆಳಗುವ ಹಕ್ಕಿಗಳನ್ನು ಕಂಡು ಬೆರಳು ಚೀಪುವುದನ್ನೇ ಮರೆಯಿತು. ಎರಡೂವರೆಗೆ ಮೇಣದ ಮಡುವಿನ ತಳ ಬಾಯ್ಬಿಟ್ಟಿತು.

ಮೊದಲು ಕಂಡದ್ದು ಒಂದು ಹಕ್ಕಿ. ಕೊಕ್ಕು ಕುತ್ತಿಗೆಯಲ್ಲಿತ್ತು. ಅದರ ಕೆಳಗೆ ಇನ್ನೊಂದು, ಎರಡು ರೆಕ್ಕೆಯೂ ಒಂದೇ ಕಡೆ. ಮೂರನೆಯದರ ಕಣ್ಣು ಇರಬೇಕಾದಲ್ಲಿ ಸೂಜಿ ಜಾರಿದ ಉದ್ದನೆಯ ಗೀರು. ನಾಲ್ಕನೆಯದಕ್ಕೂ ಅಂಥದ್ದೇ ಗೀರು. ಒಂದರ ಮೇಲೊಂದು ಒರಗಿಕೊಂಡು, ಕಣ್ಣೆದುರೇ ಮೆತ್ತಗಾಗಿ, ನೋಡನೋಡುತ್ತಲೇ ಕೆಸರಿನ ಬಣ್ಣವಾಗಿ ಹೋದವು.

ಸೊಸೆ ಬಗ್ಗಿ ಬತ್ತಿಯನ್ನು ಆರಿಸಿದಳು. ಹಕ್ಕಿಗಳು ಕೆಟ್ಟಿರುವುದು ಮರೆವಿನಿಂದಲ್ಲ. ಅತ್ತೆಯ ಕೈ ನಡುಗುತ್ತಿದೆ. ಅದೇ ಕೈ ದಿನವೂ ಪಾತ್ರೆ ತುಂಬ ಬಿಸಿ ಮೇಣ ಎತ್ತುತ್ತಿದೆ. ಅತ್ತೆಗೆ ಹೇಳಲು ಇಷ್ಟು ದಿನ ಅವಳು ಹುಡುಕುತ್ತಿದ್ದ ಮಾತಿಗೆ ಇದಕ್ಕಿಂತ ಗಟ್ಟಿ ಆಧಾರ ಸಿಗುವಂತಿರಲಿಲ್ಲ. ಸಿಕ್ಕ ಮೇಲೆ ಮಾತ್ರ ಅದು ಬೇಡವೆನಿಸಿತು.

ಅಂದೇ ಅತ್ತೆ ಬೇಗ ಬಂದರು. ಚಪ್ಪಲಿ ಬಿಡುವ ಮೊದಲೇ ಮೂಗರಳಿಸಿದರು. ಆರಿಸಿದ ಬತ್ತಿಯ ವಾಸನೆ ಅವರಿಂದ ಯಾರು ಮುಚ್ಚಿಡಬಲ್ಲರು? ನೇರ ಬಚ್ಚಲಿಗೆ ಹೋಗಿ ಬೇಸಿನ್ ನೋಡಿದರು.

"ಎಷ್ಟಿದ್ವು?"

"ನಾಲ್ಕು, ಅತ್ತೆ."

"ಐದು ಹಾಕಿದ್ದೆ. ಒಂದು ನಿನ್ನ ಕಣ್ಣು ತಪ್ಪಿಸಿದೆ." ಬಾಗಿಲ ಚೌಕಟ್ಟಿಗೆ ಒರಗಿದರು. "ನೆಟ್ಟಗಿರೋವು ಹೊರಗೆ, ಸೊಟ್ಟಗಿರೋವು ಒಳಗೆ. ಮೊದಲಿಂದಲೂ ಹಾಗೇನೇ. ಮೂರು ಬಣ್ಣ ಸೇರಿದ್ದನ್ನ ಮತ್ತೆ ಕರಗಿಸಿದ್ರೆ ಕೆಸರಾಗುತ್ತೆ, ಯಾವ ಕೆಲಸಕ್ಕೂ ಬರಲ್ಲ. ಎಸೆಯೋಕೆ ಮನಸ್ಸು ಬರಲ್ಲ. ಗುಳಿ ಹೇಗೂ ತುಂಬಬೇಕು."

"ಗೋಡೆ ಕಡೆ ಯಾಕೆ ತಿರುಗ್ತಿದ್ರಿ?"

"ಕೆಟ್ಟದ್ದು ತುರುಕ್ತಾಳೆ ಅಂತ ಯಾರಾದ್ರೂ ಅಂದ್ರೆ?" ಅಂಗೈಯನ್ನು ಸೆರಗಿಗೆ ಒರೆಸಿಕೊಂಡರು. "ಆಗೆಲ್ಲ ಒಂದು ಹಾಕೋಕೆ ತಿರುಗ್ತಿದ್ದೆ. ಈಗ ಎಷ್ಟು ಅಂತ ನನಗೂ ಎಣಿಸೋಕೆ ಇಷ್ಟ ಇಲ್ಲ."

"ಕೈ ನಡುಗುತ್ತೆ ಅಂತ ಹೇಳಬಾರದಿತ್ತಾ?"

"ಹೇಳಿದ್ರೆ ಮಾರನೇ ದಿನ ನೀನು ಒಲೆ ಕಟ್ಟಿಡಿಸ್ತಿದ್ದೆ. ಮೇಜು ಅಳೀತಿದ್ದಾಗ ನಾನು ನೋಡ್ಲಿಲ್ಲ ಅಂದ್ಕೊಂಡ್ಯಾ? ಮನಸ್ಸಲ್ಲಿರೋದನ್ನ ಹೇಳ್ಬಿಡು ಮಾರಾಯ್ತಿ. ನೀನು ಹೇಳ್ತೀಯ ಹೇಳ್ತೀಯ ಅಂತ ಕಾದು ಕಾದು ಅರ್ಧ ನಡುಕ ಅದಕ್ಕೇ ಬಂದಿದೆ."

ಸೊಸೆ ಹೇಳಿದಳು. ಒಂದು ಗೇಣು, ಮೇಣದ ಪಾತ್ರೆ, ಮಗುವಿನ ಕೈ, ಎಲ್ಲವನ್ನೂ ಒಂದೇ ಉಸಿರಿನಲ್ಲಿ. ಹೇಳುತ್ತಾ ಹೇಳುತ್ತಾ ಅಳುವೂ ಬಂತು. ಅತ್ತೆ ಮಗುವನ್ನು ಅವಳ ಸೊಂಟದಿಂದ ಬಿಡಿಸಿಕೊಂಡರು.

"ನಿನ್ನ ಭಯ ಸುಳ್ಳಲ್ಲ," ಎಂದರು. "ಇನ್ನು ಹನ್ನೊಂದು ಬಾಕಿ ಇದೆ. ಅಂಗಡಿಯವನಿಗೆ ಆಗಲ್ಲ ಅಂತ ಹೇಳಿಬಿಡ್ತೀನಿ."

ಸೊಸೆ ಕಣ್ಣು ಒರೆಸಿಕೊಂಡಳು. ಅವಳ ಬಾಯಿಂದ ಬಂದ ಮಾತು ಅವಳಿಗೇ ಹೊಸದಾಗಿ ಕೇಳಿಸಿತು. "ಹುಯ್ಯೋದು ನಾನು ಹುಯ್ತೀನಿ. ಮಗು ಒಳಗೆ ಬರದ ಹಾಗೆ ಬಾಗಿಲು ಆಗ್ಲಿ, ಮೊದಲು."

"ಹಾಲು ಉಕ್ಕಿದ್ರೆ ಮೂರು ದಿನ ಕನವರಿಸೋಳು ನೀನು. ಮೇಣ ಹುಯ್ತೀಯಾ?"

"ಅದಕ್ಕೇ ಹುಯ್ತೀನಿ, ಅತ್ತೆ. ನನ್ನಷ್ಟು ಹೆದರ್ಕೊಂಡು ಇನ್ಯಾರು ಹುಯ್ತಾರೆ?"

ಅತ್ತೆಗೆ ನಗು ತಡೆಯಲಾಗಲಿಲ್ಲ.

ಭಾನುವಾರ ಗಂಡ ಗರಗಸ ಹಿಡಿದ. ಮೇಜಾಗಿದ್ದ ಬಾಗಿಲನ್ನು ಅಡ್ಡಕ್ಕೆ ಕುಯ್ದು, ಒಂದು ಅರ್ಧವನ್ನು ಮೇಜಿಗೇ ಬಿಟ್ಟು, ಇನ್ನೊಂದನ್ನು ಹಳೆಯ ಚೌಕಟ್ಟಿಗೆ ಸೊಂಟದೆತ್ತರಕ್ಕೆ ಕೂರಿಸಿದ. ಮಗು ಆಚೆ ನಿಂತು ಅರ್ಧ ಬಾಗಿಲನ್ನು ಬಡಿಯಿತು. ಅದಕ್ಕೂ ಒಂದು ಆಟ ಸಿಕ್ಕಿತು. "ಇಬ್ಬರ ಮಧ್ಯೆ ಸಿಕ್ಕಿಬೀಳ್ತೀನಿ ಅಂದ್ಕೊಂಡಿದ್ದೆ, ಬಾಗಿಲು ಸಿಕ್ಕಿಬಿತ್ತು" ಎಂದು ಅವನು ಮರದ ಪುಡಿ ಕೊಡವಿಕೊಂಡ.

ಸೊಸೆ ಮೇಣಕ್ಕೆ ಅದ್ದಿದ್ದು ಸ್ನಾನದ ಥರ್ಮಾಮೀಟರ್. ಅದು ಐವತ್ತಕ್ಕೇ ಕೈ ಚೆಲ್ಲಿತು. ಐವತ್ತರ ಮೇಲೆ ಅದಕ್ಕೆ ಗೆರೆಯೇ ಇರಲಿಲ್ಲ. ಇನ್ನು ಪೊರೆಯನ್ನು ಕಾಯದೆ ಗತಿಯಿಲ್ಲ. ಮೊಣಕೈವರೆಗೆ ಬಟ್ಟೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ನಿಂತಳು. ಅಂಚಿನಲ್ಲಿ ಏನೋ ಮಿನುಗಿದಂತಾಯಿತು. ಹುಯ್ದಳು. ಅದು ಪೊರೆಯಲ್ಲ, ಕಿಟಕಿಯ ಬೆಳಕು. ಸಂಜೆ ಅಚ್ಚು ಬಿಡಿಸಿದಾಗ ಎಲೆಗಳು ಹೇಗೋ ಉಳಿದಿದ್ದವು. ಎರಡು ಹಕ್ಕಿಗಳ ಕೆಂಪು ಮಾತ್ರ ಬುಡದವರೆಗೂ ಇಳಿದಿತ್ತು.

"ಒಳಗೆ ಹಾಕೋಕೆ ನಿಂದೂ ಒಂದು ಆಯ್ತು. ಸಂಪ್ರದಾಯ ಚೆನ್ನಾಗೇ ಶುರು ಮಾಡಿದೀಯ," ಎಂದರು ಅತ್ತೆ. ಹಕ್ಕಿ ಅವರ ಪಾಲಿನದೇ; ಆತುರವಿಲ್ಲದೆ, ಮೊಣಕೈ ಮೇಜಿಗೆ ಊರಿ, ಒಂದೊಂದನ್ನೇ ಕೊರೆಯುತ್ತಿದ್ದರು. ನಾಲ್ಕು ಕೆಟ್ಟರೆ ಐದನೆಯದು ನೆಟ್ಟಗೆ ಬರುತ್ತಿತ್ತು. ಕೆಟ್ಟವನ್ನು ಈಗ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆಯೇ ಸಾಲಾಗಿ ಇಡುತ್ತಿದ್ದರು.

ಮಾರನೆಯ ದಿನ ಎರಡನೆಯ ಸಲ ಸೊಸೆ ಪೊರೆಯನ್ನು ಬೆರಳಿನಷ್ಟು ಅಗಲ ಬರುವವರೆಗೂ ಕಾದಳು. ಹುಯ್ದಳು. ಗುಳಿ ಬೀಳಲು ಬಿಟ್ಟಳು. ಗುಳಿ ಬಿತ್ತು. ತಾನು ಕೆಡಿಸಿದ್ದ ಬತ್ತಿಯಿಂದ ಅತ್ತೆ ಕತ್ತರಿಸಿಟ್ಟಿದ್ದ ಕೆಂಪು ಚೂರೊಂದನ್ನು ಎತ್ತಿಕೊಂಡಳು, ಅದರಲ್ಲಿ ಒಂದು ಹಕ್ಕಿಯ ಅರ್ಧ ಬಾಲ ಇನ್ನೂ ಉಳಿದಿತ್ತು. ಇದನ್ನು ಯಾರಾದರೂ ಎಂದಾದರೂ ಕಾಣುತ್ತಾರೋ, ಯಾವ ಮನೆಯ ಕಪಾಟಿನಲ್ಲಿ ಹೀಗೇ ಕೂತುಬಿಡುತ್ತದೋ ಎಂದು ಒಂದು ಗಳಿಗೆ ಅನಿಸಿತು.

"ಹಾಕ್ತೀಯಾ, ನೋಡ್ತಾ ಕೂರ್ತೀಯಾ?" ಎಂದರು ಅತ್ತೆ.

ಸೊಸೆ ಅಚ್ಚನ್ನು ಹತ್ತಿರಕ್ಕೆ ಎಳೆದುಕೊಂಡು, ತನಗೇ ಅರಿವಿಲ್ಲದಂತೆ, ಗೋಡೆಯ ಕಡೆ ತಿರುಗಿದಳು.