ಕಾಲುಚೀಲ ಎಡಕ್ಕೆ, ಬೀಗದಕೈ ಬಲಕ್ಕೆ

ಬೇಕರಿಯವನಿಗೆ ಗೆಳೆಯರು ಇಟ್ಟ ಹೆಸರು ಕೋಳಿ. ಕತ್ತಲಾಗುತ್ತಿದ್ದಂತೆ ಗೂಡು ಸೇರುತ್ತಾನೆ, ಲೋಕವೆಲ್ಲ ಹೊದ್ದು ಮಲಗಿರುವಾಗ ಎದ್ದು ಓಡಾಡುತ್ತಾನೆ, ಇನ್ನೇನು ಹೆಸರಿಡಬೇಕು ಹೇಳಿ? ಅವನಿಗೆ ಅದರಿಂದ ಬೇಜಾರೇನೂ ಇರಲಿಲ್ಲ. ಅಡ್ಡಹೆಸರಿಟ್ಟು ಕರೆಯುತ್ತಾರೆಂದರೆ ತಾನೂ ಗುಂಪಿನವನೇ ಎಂದು ಅವನು ತಿಳಿದಿದ್ದ. ಪಾಪ, ಹಾಗೆ ತಿಳಿದುಕೊಂಡೇ ಅವನ ತಲೆ ನೆರೆಯಿತು.

ಬೆಳಗಾದರೆ ಬಿಸಿ ಬ್ರೆಡ್ಡು ಬೇಕು ಎನ್ನುವ ಜನಕ್ಕೆ ಅದು ಯಾವಾಗ ಬೆಂದಿತು ಎಂದು ಯೋಚಿಸುವ ಪುರುಸೊತ್ತೆಲ್ಲಿ? ಯಾರೋ ಒಬ್ಬ ಸರಿಹೊತ್ತಿನಲ್ಲಿ ಎದ್ದು ಹಿಟ್ಟಿಗೆ ಕೈ ಹಾಕಿರಬೇಕು. ಆ ಯಾರೋ ಒಬ್ಬ ಇವನೇ. ಮೀಸೆ ಮೂಡುವ ಮೊದಲೇ ಬೇಕರಿ ಸೇರಿದ. ಆಗಿನ ಯಜಮಾನ ಮುಂಗೋಪಿ ಮುದುಕ. ಕಲಿಸಿದ ಮೊದಲ ಪಾಠ ಹಿಟ್ಟು ನಾದುವುದಲ್ಲ, ಬೂಟು ಬಿಚ್ಚುವುದು. "ಬೀದಿ ಕೊಳೆ ಹಿಟ್ಟಿನ ಕೋಣೆಗೆ ಬರಕೂಡದು. ಬೂಟು ಬಾಗಿಲಾಚೆ, ಜೋಡಿಸಿ. ಕಾಲುಚೀಲ ಎಡಬೂಟಿನೊಳಗೆ, ಬೀಗದಕೈ ಬಲಬೂಟಿನೊಳಗೆ. ನಿದ್ದೆಗಣ್ಣಲ್ಲಿ ಬಂದು ಎಲ್ಲೆಲ್ಲೋ ಎಸೆದು, ಆಮೇಲೆ ಹುಡುಕ್ತಾ ಕೂತ್ರೆ ಭಟ್ಟಿ ನಿನಗೋಸ್ಕರ ಕಾಯುತ್ತೇನೋ?" ಎಂದು ಕಿವಿ ಹಿಂಡಿದ್ದ. ಒಂದು ವರ್ಷ ಕಳೆಯುವುದರಲ್ಲಿ ಆ ಕೆಲಸ ಕೈಗೆ ಅಂಟಿಹೋಯಿತು, ತಲೆಯನ್ನು ಕೇಳುವ ಅಗತ್ಯವೇ ಉಳಿಯಲಿಲ್ಲ. ಮುದುಕ ಹೋದ, ಬೇಕರಿ ಇವನ ಕೈಗೆ ಬಂತು. ಬೂಟುಗಳು ಮಾತ್ರ ಅದೇ ಬಾಗಿಲಾಚೆ ಅದೇ ರೀತಿ ಕೂರುತ್ತಿದ್ದವು.

ಬೆಳಗಿನ ಜಾವಗಳನ್ನೆಲ್ಲ ಬೇಕರಿಗೆ ಕೊಟ್ಟವನಿಗೆ ಸಂಜೆಗಳು ಉಳಿಯಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವನ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹರೆಯದಲ್ಲಿ ಒಂದು ಕಡೆ ಮದುವೆಯ ಮಾತುಕತೆಗೆ ಸಂಜೆ ಹೋಗಿ, ಹುಡುಗಿಯ ಅಪ್ಪ ತನ್ನ ಮನೆತನದ ವಿಷಯ ಹೇಳುತ್ತಿರುವಾಗಲೇ ಗೊರಕೆ ಹೊಡೆದಿದ್ದ. ಇನ್ನೊಂದು ಕಡೆಯೂ ಹಾಗೆಯೇ ಆಯಿತು. ಮೂರನೆಯ ಕಡೆಗೆ ಹೋಗಲು ಅವನಿಗೇ ನಾಚಿಕೆಯಾಯಿತು. ಕೊನೆಗೆ ಮನೆಯಲ್ಲಿ ಉಳಿದದ್ದು ಅವನು ಮತ್ತು ಗಂಡ ತೀರಿಕೊಂಡ ಮೇಲೆ ಬಂದು ಸೇರಿದ ಅಕ್ಕ. ಅಕ್ಕ ಪ್ರತಿದಿನ ಬೆಳಕು ಹರಿಯುವ ಹೊತ್ತಿಗೆ ಒಂದು ಲೋಟ ಚಹಾ ಹಿಡಿದು ಬೇಕರಿಯ ಹಿಂಬಾಗಿಲಿಗೆ ಬರುತ್ತಿದ್ದಳು. ಹೊಸ್ತಿಲ ಮೇಲೆ, ಬೂಟುಗಳ ಪಕ್ಕದಲ್ಲಿ ಲೋಟ ಇಟ್ಟು ಹೋಗುತ್ತಿದ್ದಳು.

ಗೆಳೆಯರೆಂದರೆ ಮೂವರು, ಎಲ್ಲರೂ ಶಾಲೆಯಲ್ಲಿ ಒಂದೇ ಬೆಂಚಿನವರು. ಒಬ್ಬ ಡ್ರಿಲ್ ಮೇಷ್ಟ್ರಾಗಿದ್ದವನು, ಒಬ್ಬ ಔಷಧಿ ಅಂಗಡಿಯ ಕಂಪೌಂಡರ್, ಇನ್ನೊಬ್ಬ ಪೋಸ್ಟ್‌ಮ್ಯಾನ್, ಅವನನ್ನು ಎಲ್ಲರೂ ಅಂಚೆ ಎಂದೇ ಕರೆಯುತ್ತಿದ್ದರು. ಈಗ ಮೂವರೂ ನಿವೃತ್ತರು. ಭಾನುವಾರ ಮಧ್ಯಾಹ್ನ ಬೇಕರಿಯ ಮುಂದಿನ ಬೆಂಚಿನ ಮೇಲೆ ಸೇರಿದರೆಂದರೆ ಹಳೆಯ ಕಥೆಗಳು ಶುರು. ಅಂಚೆ ತನ್ನ ಮದುವೆಯ ರಾತ್ರಿ ಟೇಬಲ್ ಹತ್ತಿ ಭಾಷಣ ಮಾಡಲು ಹೋಗಿ ಟೇಬಲ್ ಸಮೇತ ಬಿದ್ದದ್ದು, ಕಂಪೌಂಡರ್ ಸಿನಿಮಾದ ಎರಡನೇ ಆಟದಿಂದ ಬರುತ್ತಾ ಬೇರೆಯವರ ಮನೆಯ ಬಾಗಿಲು ಬಡಿದದ್ದು. ಎಲ್ಲ ಕಥೆಗಳೂ ಸಂಜೆಯ ನಂತರದವು. ಎಲ್ಲರಿಗಿಂತ ಜೋರಾಗಿ ನಗುವವನು ಕೋಳಿ. ಒಮ್ಮೆ ತಡೆಯಲಾರದೆ, "ಅವತ್ತು ನಾನೆಲ್ಲಿದ್ದೆ?" ಎಂದು ಕೇಳಿಬಿಟ್ಟ.

"ನೀನಾ? ಇನ್ನೆಲ್ಲಿ, ಬಿದ್ದುಕೊಂಡಿದ್ದೆ!" ಎಂದ ಮೇಷ್ಟ್ರು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವನೂ ನಕ್ಕ. ಆದರೆ ಅಂದಿನಿಂದ ಒಂದು ಆಸೆ ಅವನ ಎದೆಯೊಳಗೆ ಕೂತುಬಿಟ್ಟಿತು. ಆ ಕಥೆಗಳಲ್ಲಿ ಒಂದರಲ್ಲಾದರೂ ತಾನಿರಬೇಕು. ಟೇಬಲ್ ಮೇಲೆ ಹತ್ತುವವನಾಗಬೇಕಿಲ್ಲ, ಬಿದ್ದವನನ್ನು ಎತ್ತಿದವನಾದರೂ ಸಾಕು. "ಆಗ ಕೋಳಿ ಪಕ್ಕದಲ್ಲೇ ಇದ್ದ" ಎಂಬ ಒಂದು ಮಾತು ಬಂದರೂ ಸಾಕು. ಇದೇನು ದೊಡ್ಡ ಆಸೆಯೇ? ಅಷ್ಟೂ ಕೂಡಿಬಂದಿರಲಿಲ್ಲ, ನೋಡಿ.

ಹೀಗಿರುವಾಗ ಒಂದು ಭಾನುವಾರ ಮೇಷ್ಟ್ರು ಹಡಗಿನ ಪ್ರವಾಸದ ಸುದ್ದಿ ತಂದ. ಸಮುದ್ರದಲ್ಲಿ ಒಂದು ಸುತ್ತು, ಊಟ, ಹಾಡು, ಕುಣಿತ, ಎಲ್ಲ ಹಡಗಿನಲ್ಲೇ. "ಒಂದು ರೂಮಿಗೆ ಇಬ್ಬರು ಕಣೋ. ನಾವು ಮೂವರೇ ಆದ್ರೆ ಒಬ್ಬ ಒಂಟಿ ಬೀಳ್ತಾನೆ. ನೀನೂ ಬಂದ್ರೆ ಸರಿಹೋಗುತ್ತೆ." ಬೇರೆ ಯಾರಾದರೂ ಆಗಿದ್ದರೆ ನಾನೇನು ಖಾಲಿ ಮಂಚ ತುಂಬಿಸುವವನೇ ಎಂದು ಮುಖ ಊದಿಸಿಕೊಳ್ಳುತ್ತಿದ್ದರು. ಕೋಳಿ ಆ ಕ್ಷಣವೇ ಹೂಂ ಅಂದ. ಮುದುಕ ಸತ್ತ ದಿನ ಬಿಟ್ಟರೆ ಎಂದೂ ಮುಚ್ಚದ ಬೇಕರಿಗೆ ಬೀಗ ಬಿತ್ತು.

"ಹಡಗಲ್ಲಿ ಬ್ರೆಡ್ಡು ಕೊಡ್ತಾರೇನೋ, ಇಲ್ಲಾ ಅಲ್ಲೂ ನೀನೇ ಮಾಡ್ಬೇಕಾ?" ಎಂದು ಅಕ್ಕ ಅವನ ಅಂಗಿ ಮಡಿಸುತ್ತಾ ರೇಗಿಸಿದಳು.

"ಅಕ್ಕಾ, ವಾಪಸ್ ಬಂದ್ಮೇಲೆ ನಿನಗೊಂದು ಕಥೆ ಹೇಳ್ತೀನಿ."

"ಯಾವ ಕಥೆ?"

"ಅದಿನ್ನೂ ಆಗಿಲ್ಲ."

ಹಡಗು ಹತ್ತಿದ ಮೇಲೆ ನಾಲ್ವರೂ ಮಕ್ಕಳಂತಾದರು. ಉದ್ದನೆಯ ಓಣಿಗಳು, ಕಾಲು ಹೂತುಹೋಗುವ ಕೆಂಪು ಜಮಖಾನ, ಒಂದರಂತೆ ಇನ್ನೊಂದು ಬಾಗಿಲು. ಬೀಗದಕೈ ಬದಲು ಕೈಗೊಂದು ಕಾರ್ಡು. ತೇಲುವ ಜಾಕೆಟ್ ಹಾಕಿಸಿ ಸಾಲಾಗಿ ನಿಲ್ಲಿಸಿದಾಗ ಮೇಷ್ಟ್ರು ತಡೆಯಲಾರದೆ ಇಡೀ ಸಾಲಿಗೆ "ಸಾವಧಾನ್!" ಎಂದು ಕೂಗಿ, ಹಡಗಿನ ಸಿಬ್ಬಂದಿಯೂ ನೆಟ್ಟಗೆ ನಿಲ್ಲುವಂತೆ ಮಾಡಿದ. ಕೋಳಿ ಸಂತೋಷದಿಂದ ಬೀಗಿಹೋದ. ಇದು ಹಗಲು, ಇದರಲ್ಲಿ ತಾನಿದ್ದೇನೆ, ಇದೂ ಒಂದು ಕಥೆಯಾದೀತು.

ಆದರೆ ಸಂಜೆ ಊಟದ ಮೇಜಿನಲ್ಲಿ ಸೂಪು ಬರುವ ಹೊತ್ತಿಗೆ ಅವನ ತಲೆ ಕಂಬಕ್ಕೆ ಒರಗಿತ್ತು. ಅಂಚೆ ಅವನನ್ನು ಕೈಹಿಡಿದು ರೂಮಿಗೆ ಬಿಟ್ಟು ಬಂದ. ಮರುದಿನವೂ ಅದೇ ಹಾಡು. ಮೇಲಾಗಿ ಎಚ್ಚರವಾಗುವುದು ಬೇಕರಿಯ ಹೊತ್ತಿಗೇ. ಹೊರಗೆ ಬಂದರೆ ಡೆಕ್ಕಿನ ಮೇಲೆ ಒಂದು ನರಪಿಳ್ಳೆಯೂ ಇಲ್ಲ, ನೆಲ ಒರೆಸುವ ಹೆಂಗಸೊಬ್ಬಳನ್ನು ಬಿಟ್ಟರೆ. ಅವಳು ಅವನ ಕಾಲಡಿಯನ್ನೂ ಒರೆಸಿ, ಮಾತಿಲ್ಲದೆ ಮುಂದೆ ಹೋದಳು. ಎಲ್ಲಿಂದಲೋ ಬ್ರೆಡ್ಡು ಬೇಯುವ ವಾಸನೆ ಬಂತು. ಮೂಗು ಎಳೆದ ಕಡೆಗೆ ಹೋಗಿ ಒಂದು ಕಬ್ಬಿಣದ ಬಾಗಿಲ ಮುಂದೆ ನಿಂತ. ಒಳಗೆ ಯಾರೋ ಟ್ರೇ ಎಳೆಯುತ್ತಿದ್ದರು. ಆ ಹೆಂಗಸನ್ನು ಬಿಟ್ಟರೆ ಇಷ್ಟು ದೊಡ್ಡ ಹಡಗಿನಲ್ಲಿ ತನ್ನ ಜೊತೆ ಎದ್ದಿರುವವನು ಈ ಬಾಗಿಲಿನ ಆಚೆಯವನೊಬ್ಬನೇ ಎಂದು ಅವನಿಗನ್ನಿಸಿತು. ಬಾಗಿಲು ತಟ್ಟಿ ಏನೆಂದು ಹೇಳುವುದು? ಸ್ವಲ್ಪ ಹೊತ್ತು ನಿಂತು ಹಿಂದಿರುಗಿದ. ಗೆಳೆಯರು ಕಣ್ಣುಜ್ಜುತ್ತಾ ಹೊರಬರುವವರೆಗೆ ಸಮುದ್ರ ನೋಡುತ್ತಾ ಒಬ್ಬನೇ ಕೂತ. ಅವರು ಬಂದವರೇ ಹಿಂದಿನ ರಾತ್ರಿಯ ಮಾತು ತೆಗೆದರು. ಅಲ್ಲ, ಊರು ಬಿಟ್ಟು ಸಮುದ್ರಕ್ಕೆ ಬಂದರೂ ಅದೇ ಪಾಡಾಯಿತಲ್ಲ!

ಉಳಿದದ್ದು ಕೊನೆಯ ಸಂಜೆ. ಡೆಕ್ಕಿನ ಮೇಲೆ ಹಾಡು, ಕುಣಿತ. ಕೋಳಿ ಮಧ್ಯಾಹ್ನವೇ ಕದ ಹಾಕಿಕೊಂಡು ಮಲಗಿದ. ನಿದ್ದೆ ಬೇಕೆಂದಾಗ ಬರಬೇಕಲ್ಲ? ಅದರ ಸುಳಿವೇ ಇಲ್ಲ. ಎದ್ದು ಮುಖಕ್ಕೆ ತಣ್ಣೀರು ಎರಚಿಕೊಂಡ, ಕಪ್ಪು ಕಾಫಿ ಒಂದಾದ ಮೇಲೊಂದು ಕುಡಿದ, ಬೂಟು ಉಜ್ಜಿ ಹೊಳೆಯಿಸಿದ. ಎಲ್ಲರಿಗಿಂತ ಮೊದಲು ಹೋಗಿ ಸಾಲಿನ ಕೊನೆಯ ಒರಗುಕುರ್ಚಿಯಲ್ಲಿ ಕೂತ. ಪ್ರತಿ ಕುರ್ಚಿಯ ಕಾಲ ಬಳಿ ಒಂದೊಂದು ಮಡಿಸಿದ ಹೊದಿಕೆ ಇತ್ತು.

"ಏಯ್ ಕೋಳಿ, ಇವತ್ತು ಕಣ್ಣು ಬಿಟ್ಕೊಂಡಿದ್ದೀಯಲ್ಲೋ! ಸೂರ್ಯ ಯಾವ ಕಡೆ ಮುಳುಗಿದ?" ಎಂದು ಮೇಷ್ಟ್ರು ಬೆನ್ನಿಗೊಂದು ಗುದ್ದು ಕೊಟ್ಟ.

"ಇವತ್ತು ನಿಮ್ಮನ್ನೆಲ್ಲ ಮಲಗಿಸಿಯೇ ನಾನು ಮಲಗೋದು," ಎಂದ ಕೋಳಿ. ಮೂವರೂ ಹೋ ಎಂದರು. ಹಾಡು ಶುರುವಾಯಿತು. ಕಂಪೌಂಡರ್ ಯಾರದೋ ಟೋಪಿ ಕಿತ್ತು ಹಾಕಿಕೊಂಡು ಕುಣಿಯಲು ಇಳಿದ, ಅವನ ಹಿಂದೆ ಉಳಿದಿಬ್ಬರು. ಕೋಳಿ ಚಪ್ಪಾಳೆ ತಟ್ಟುತ್ತಾ ಕೂತ. ಬಣ್ಣದ ದೀಪಗಳು ಒಂದು ಸುತ್ತು ತಿರುಗಿದ್ದು ಅವನಿಗೆ ನೆನಪಿದೆ. ಎರಡನೆಯ ಸುತ್ತು ನೆನಪಿಲ್ಲ.

ಎಚ್ಚರವಾದಾಗ ಹಾಡಿಲ್ಲ, ಜನರಿಲ್ಲ, ದೀಪಗಳಿಲ್ಲ. ಅಯ್ಯೋ, ಇದೂ ಹೋಯಿತೇ! ಎದ್ದು ಕೂರಲು ಹೋದವನಿಗೆ ಗಲ್ಲದವರೆಗೆ ಹೊದಿಕೆ ಇರುವುದು ಗೊತ್ತಾಯಿತು. ಕಾಲುಗಳು ಬರಿದಾಗಿದ್ದವು. ಬಗ್ಗಿ ನೋಡಿದರೆ ಕುರ್ಚಿಯ ಕೆಳಗೆ ಬೂಟುಗಳು ಜೋಡಿಸಿಟ್ಟಿವೆ. ಎಡಬೂಟಿನೊಳಗೆ ಕಾಲುಚೀಲಗಳು, ಬಲಬೂಟಿನೊಳಗೆ ರೂಮಿನ ಕಾರ್ಡು.

ನಿಮಗೆ ಹೊಳೆದಿರುತ್ತದೆ. ಅವನಿಗೆ ಹೊಳೆಯಲಿಲ್ಲ. ತನ್ನ ಬೆನ್ನು ಯಾರಿಗೆ ತಾನೇ ಕಂಡಿದೆ? ಅವನಿಗೆ ಕಂಡದ್ದು ಇಷ್ಟು: ಕುಣಿತದ ನಡುವೆ ಗೆಳೆಯನೊಬ್ಬ ತನ್ನ ಕಾಲ ಬಳಿ ಕೂತಿದ್ದಾನೆ, ಎಚ್ಚರವಾಗದಂತೆ ಮೆಲ್ಲಗೆ ಬೂಟು ಎಳೆದಿದ್ದಾನೆ, ಕಾರ್ಡು ಕಳೆಯದಿರಲಿ ಎಂದು ಜೋಪಾನವಾಗಿ ಒಳಗಿಟ್ಟಿದ್ದಾನೆ, ಗಾಳಿ ಚಳಿಯೆಂದು ಹೊದಿಸಿದ್ದಾನೆ. ಅಕ್ಕನನ್ನು ಬಿಟ್ಟರೆ ಅವನಿಗೆ ಹೊದಿಸಿದವರು ಯಾರೂ ಇರಲಿಲ್ಲ. ಬೆಳಕಾಗುವವರೆಗೂ ಅವನು ಆ ಹೊದಿಕೆಯೊಳಗೇ ಕೂತಿದ್ದ. ಸಮುದ್ರ ಮೊದಲ ಬಾರಿಗೆ ಚೆನ್ನಾಗಿ ಕಂಡಿತು.

ತಿಂಡಿಯ ಮೇಜಿನಲ್ಲಿ ರಾತ್ರಿಯ ಕಥೆ ಆಗಲೇ ಕುದಿಯುತ್ತಿತ್ತು. ಕುಣಿಯುತ್ತಾ ಬಾಯ್ತೆರೆದು ನಕ್ಕ ಕಂಪೌಂಡರನ ಹಲ್ಲಿನ ಸೆಟ್ಟು ಡೆಕ್ಕಿನ ಈಜುಕೊಳಕ್ಕೆ ಬಿದ್ದಿತ್ತಂತೆ. ಮೇಷ್ಟ್ರು ಪ್ಯಾಂಟು ಸಮೇತ ಧುಮುಕಿ ತಂದುಕೊಟ್ಟನಂತೆ. ಕೋಳಿ ನಕ್ಕೂ ನಕ್ಕೂ ಕಣ್ಣೀರು ಒರೆಸಿಕೊಂಡ. ಈಗ ತನ್ನ ಸರದಿ ಬರುತ್ತದೆ, ಇನ್ನೇನು ಯಾರಾದರೂ "ಆ ಕಡೆ ಇವನು ನೋಡಪ್ಪಾ" ಎನ್ನುತ್ತಾರೆ. ಕಥೆ ಮುಗಿಯಿತು. ಇನ್ನೊಮ್ಮೆ ಮೊದಲಿನಿಂದ ಶುರುವಾಗಿ ಇನ್ನೊಮ್ಮೆ ಮುಗಿಯಿತು. ಅವನ ಸರದಿ ಬರಲಿಲ್ಲ.

"ಅದಿರಲಿ, ನನ್ನ ಬೂಟು ಬಿಚ್ಚಿದ್ದು ಯಾರ್ರೋ?" ಎಂದು ಕೊನೆಗೆ ತಾನೇ ಕೇಳಿದ.

"ಯಾವ ಬೂಟು?" ಎಂದ ಅಂಚೆ.

"ನೀನು ಆಗ್ಲೇ ರೂಮಿಗೆ ಹೋಗಿದ್ದೆಯಲ್ಲೋ," ಎಂದ ಕೋಳಿಯ ರೂಮಿನ ಜೊತೆಗಾರ ಕಂಪೌಂಡರ್. "ಕಾಣಲಿಲ್ಲ, ಮಲಗಿರ್ತಾನೆ ಅಂದ್ಕೊಂಡ್ವಿ. ನಿನ್ನ ನಿದ್ದೆ ಯಾಕೆ ಕೆಡಿಸೋದು ಅಂತ ನಾನು ಇವರ ರೂಮಲ್ಲೇ ಇಸ್ಪೀಟು ಆಡ್ತಾ ಹಾಗೇ ಉರುಳಿಕೊಂಡೆ."

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೋಳಿ ಮೂವರ ಮುಖವನ್ನೂ ನೋಡಿದ. ಕೆಟ್ಟವರಲ್ಲ, ಪಾಪ, ಯಾರೂ ಕೆಟ್ಟವರಲ್ಲ. ಮೇಷ್ಟ್ರೇ ಇರಬೇಕು, ಎಲ್ಲರೆದುರು ಒಪ್ಪಿಕೊಳ್ಳಲು ಸಂಕೋಚ ಎಂದುಕೊಂಡ. ಹಾಗೆ ಅಂದುಕೊಂಡದ್ದನ್ನು ಬಿಡದೆ ಹಿಡಿದುಕೊಂಡೇ ಹಡಗಿನಿಂದ ಇಳಿದ.

ಮನೆಗೆ ಬಂದಾಗ ಅಕ್ಕ ತೊಳೆದ ತಟ್ಟೆಗಳನ್ನು ಒರೆಸಿ ಜೋಡಿಸುತ್ತಿದ್ದಳು. ಚೀಲ ಕೆಳಗಿಡುವ ಮೊದಲೇ ಅವನು ಕಥೆ ಶುರುಮಾಡಿದ. ಹಲ್ಲಿನ ಸೆಟ್ಟನ್ನು ಎರಡು ಮಾತಲ್ಲಿ ಮುಗಿಸಿ ತನ್ನ ಭಾಗಕ್ಕೆ ಬಂದ. "ಎಷ್ಟು ಅಚ್ಚುಕಟ್ಟಾಗಿ ಇಟ್ಟಿದ್ರು ಗೊತ್ತಾ ಅಕ್ಕಾ? ಕಾಲುಚೀಲ ಎರಡೂ ಎಡಬೂಟಿನೊಳಗೆ, ಕಾರ್ಡು ಬಲಬೂಟಿನೊಳಗೆ!"

ಅಕ್ಕನ ಕೈಯಲ್ಲಿದ್ದ ಬಟ್ಟೆ ತಟ್ಟೆಯ ಮೇಲೆ ನಿಂತಿತು. ಮತ್ತೆ ಮೆಲ್ಲಗೆ ತಿರುಗತೊಡಗಿತು.

"ನಿನ್ನನ್ನ ಚೆನ್ನಾಗಿ ಬಲ್ಲವರೇ ಇರ್ಬೇಕು ಕಣೋ."

"ಅಲ್ವಾ? ನಾನೂ ಅದನ್ನೇ ಅಂದ್ಕೊಂಡೆ."

"ಹೊದಿಕೆ ಎಲ್ಲೀವರೆಗೂ ಹೊದಿಸಿದ್ರು?"

"ಗಲ್ಲದವರೆಗೂ."

"ಒಳ್ಳೇದಾಯ್ತು ಬಿಡು," ಎಂದು ಅಕ್ಕ ಒರೆಸಿದ ತಟ್ಟೆಯನ್ನೇ ಇನ್ನೊಮ್ಮೆ ಒರೆಸಿದಳು.

ಮರುದಿನ ಎಂದಿನ ಹೊತ್ತಿಗೆ ಬೇಕರಿಯ ಹಿಂಬಾಗಿಲು ತೆಗೆದ. ನಿದ್ದೆಗಣ್ಣು. ಒಂದು ಕಾಲು ಹೊಸ್ತಿಲ ಒಳಗಿಟ್ಟಿದ್ದ, ಏನನ್ನಿಸಿತೋ, ತಿರುಗಿ ನೋಡಿದ. ಬಾಗಿಲಾಚೆ ಬೂಟುಗಳು ಪಕ್ಕಪಕ್ಕದಲ್ಲಿ ಕೂತಿದ್ದವು. ಎಡದ್ದರಲ್ಲಿ ಕಾಲುಚೀಲ, ಬಲದ್ದರಲ್ಲಿ ಬೀಗದಕೈ. ಬಿಚ್ಚಿದ್ದು ಅವನಿಗೆ ನೆನಪಿರಲಿಲ್ಲ.

ಮೊದಲು ಮೈಯೆಲ್ಲ ನಾಚಿಕೆಯಾಯಿತು. ಆಮೇಲೆ ಅಕ್ಕನ ಕೈ ತಟ್ಟೆಯ ಮೇಲೆ ನಿಂತದ್ದು ನೆನಪಾಗಿ ಅಳು ಬಂತು. ಒಳಗೆ ಹೋಗಿ ದೀಪ ಹಾಕಿದ. ಹಿಟ್ಟು ಸುರಿದ, ನೀರು ಹಾಕಿದ, ನಾದತೊಡಗಿದ.

ಬೆಳಕು ಹರಿಯುವಾಗ ಅಕ್ಕ ಬಂದಳು. ಚಹಾದ ಲೋಟವನ್ನು ಹೊಸ್ತಿಲ ಮೇಲಿಡಲಿಲ್ಲ. ಬೂಟುಗಳ ಪಕ್ಕದಲ್ಲಿ ತನ್ನ ಚಪ್ಪಲಿ ಬಿಟ್ಟು ಒಳಗೆ ಬಂದು ಅವನ ಪಕ್ಕಕ್ಕೇ ತಂದಿಟ್ಟಳು.

"ಆ ಹಡಗಿನ ಕಥೆ ಇನ್ನೊಂದ್ಸಲ ಹೇಳೋ."

ಅವನು ಹಿಟ್ಟಿನಿಂದ ತಲೆ ಎತ್ತಲಿಲ್ಲ. "ಅಕ್ಕಾ, ಅಲ್ಲಿ ಯಾರೂ ಇರ್ಲಿಲ್ಲ. ನಾನೊಬ್ನೇ ಇದ್ದದ್ದು."

"ಗೊತ್ತು ಕಣೋ," ಎಂದಳು ಅಕ್ಕ. "ನೀನಿದ್ದೆಯಲ್ಲ, ಹೇಳು." ಅವಳು ಹಿಟ್ಟಿನ ಮೂಟೆಯ ಮೇಲೆ ಕೂತಳು.