ಶಾಕ್ ಹೊಡೆಯದ ಕರೆಂಟು

ಶಾಕ್ ಹೊಡೆಯದ ಕರೆಂಟಿಗೆ ನಾನು ಯಾವತ್ತೂ ಮರ್ಯಾದೆ ಕೊಟ್ಟವನಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿ, ಮಳವಳ್ಳಿ ಸುತ್ತಮುತ್ತ ಪಂಪ್‌ಸೆಟ್ ರಿಪೇರಿ ಮಾಡಿಕೊಂಡೇ ಮುದುಕನಾದೆ. ಪೂರಿಗಾಲಿ ಕಡೆ ಜನರನ್ನು ಹೊಳೆ ದಾಟಿಸುವ ದೋಣಿಯವನೊಬ್ಬ ತನ್ನ ಕಬ್ಬಿಣದ ದೋಣಿಗೆ ಲೈಟು ಹಾಕಿಕೊಡಲು ಕರೆದಾಗ, ಅದರ ಹನ್ನೆರಡು ವೋಲ್ಟಿನ ಬ್ಯಾಟರಿ ನನಗೆ ಆಟದ ಸಾಮಾನಿನಂತೆ ಕಂಡಿತು. ವೈರು ಸಾಲಲಿಲ್ಲ. ಇನ್ನೊಂದು ತುಂಡು ಸೇರಿಸಿ, ಟೇಪು ಸುತ್ತಿ, ಕಾಲಡಿಯ ಹಲಗೆಗಳ ಕೆಳಗೆ ಎಳೆದುಬಿಟ್ಟೆ.

ಆಮೇಲೆ ಬ್ಯಾಟರಿ ತಾನಾಗಿ ಇಳಿಯತೊಡಗಿತು. ದೋಣಿ ಒಂದೆರಡು ದಿನ ನಿಂತರೆ ಮೋಟರು ಸ್ಟಾರ್ಟ್ ಆಗುತ್ತಿರಲಿಲ್ಲ. ಮತ್ತೆ ಕರೆದರು. ಬಗ್ಗಿ ನೋಡುವ ಮುಂಚೆಯೇ, ದೋಣಿಯವನ ಹೆಂಡತಿ ಬ್ಯಾಟರಿಗೆ ಸಿಕ್ಕಿಸಿದ್ದ ಮೊಬೈಲು ನನ್ನ ಕಣ್ಣಿಗೆ ಬಿತ್ತು.

"ಇದೇ ಕಣ್ಲಾ ನಿನ್ ಬ್ಯಾಟ್ರಿ ತಿಂತಿರೋದು" ಎಂದೆ.

ಅವನು ಚಾರ್ಜರು ಕಿತ್ತು ಮೂಲೆಗೆ ಬಿಸಾಡಿದ. ಅವರ ಮಗಳು ದುದ್ದದಲ್ಲಿ, ಗಂಡನ ಮನೆಯಲ್ಲಿ, ದಿನ ತುಂಬಿದ ಬಸುರಿ. ತಾಯಿ ಹಗಲೆಲ್ಲ ಹೊಳೆಯ ಮೇಲೆ. ಹಳೆಯ ಫೋನು, ಮಧ್ಯಾಹ್ನಕ್ಕೇ ಆರಿಹೋಗುತ್ತಿತ್ತು.

"ಒಸಿ ಚಾರ್ಜಿಗೆ ಆಕಿದ್ದೆ ಕಣಣ್ಣಯ್ಯ. ಮಗಳ ಫೋನ್ ಬಂದ್ರೆ?"

"ಒಸಿ ಒಸೀನೇ ಸೋರಿ ಕೆರೆ ಬತ್ತೋದು ಕಣವ್ವ" ಎಂದು ಗಾದೆ ಹೇಳುವವನಂತೆ ಹೇಳಿ ಬಂದೆ.

ಫೋನು ಸಿಕ್ಕಿಸುವುದು ನಿಂತರೂ ಬ್ಯಾಟರಿ ಇಳಿಯುವುದು ನಿಲ್ಲಲಿಲ್ಲ. ಯಾರೋ ಬಂಡೂರು ಕುರಿಗಳನ್ನು ಹತ್ತಿಸಿದ ಮೇಲೆ ದೋಣಿ ದಡ ಬಿಡದೆ ಹೋದ ದಿನ, ಮೂರನೇ ಸಲ ಹೋದೆ. ಎಲ್ಲ ಸ್ವಿಚ್ಚು ಆರಿಸಿದೆ. ಬ್ಯಾಟರಿಯ ಒಂದು ತಂತಿ ಬಿಚ್ಚಿ, ನಡುವೆ ಸಣ್ಣ ಎಲ್‌ಇಡಿ ಸಿಕ್ಕಿಸಿದೆ. ಎಲ್ಲೂ ಸೋರಿಕೆ ಇಲ್ಲದಿದ್ದರೆ ಅದು ಉರಿಯಬಾರದು. ಬಿಸಿಲಿಗೆ ಏನೂ ಕಾಣಲಿಲ್ಲ. ಟವೆಲು ಹೊದ್ದು ನೋಡಿದರೆ ಸಣ್ಣಗೆ ಉರಿಯುತ್ತಿದೆ!

ದೋಣಿಯವನೂ ಟವೆಲಿನೊಳಗೆ ತಲೆ ತೂರಿಸಿದ. "ಏನಣ್ಣೋ, ಮಿಣುಕ್ ಉಳ ಇಡ್ದಿದ್ದೀಯಾ?"

ಹಲಗೆ ಎತ್ತಿದೆ. ತಳದ ಕೆಸರುನೀರಿನಲ್ಲಿ, ಬ್ಯಾಟರಿಗೂ ಸ್ವಿಚ್ಚಿಗೂ ನಡುವಿನ ನನ್ನದೇ ಜಾಯಿಂಟು ಮಲಗಿತ್ತು. ಟೇಪು ಬಿಚ್ಚಿಕೊಂಡು, ತಾಮ್ರ ಹಸಿರುಗಟ್ಟಿ ಅರ್ಧ ಕರಗಿಹೋಗಿತ್ತು. ಬೆರಳಿನಿಂದ ಮೇಲೆತ್ತಿದೆ, ಟವೆಲಿನೊಳಗೆ ದೀಪ ಆರಿತು. ನೀರಿಗೆ ಬಿಟ್ಟೆ, ಹೊತ್ತಿಕೊಂಡಿತು. ಮತ್ತೆ ಎತ್ತಿದೆ, ಮತ್ತೆ ಬಿಟ್ಟೆ. ನನ್ನ ಕೈಯೂ ಅದೇ ನೀರಿನಲ್ಲಿತ್ತು, ಚುರುಕ್ಕನ್ನಲೂ ಇಲ್ಲ. ಹಗಲೂ ರಾತ್ರಿ ಯಾರಿಗೂ ಗೊತ್ತಾಗದಂತೆ ಕರೆಂಟು ನೀರಿನೊಳಗೇ ದೋಣಿಯ ಕಬ್ಬಿಣಕ್ಕೆ ದಾಟುತ್ತಿತ್ತು, ದಾಟುತ್ತ ತಾಮ್ರವನ್ನೂ ತಿಂದಿತ್ತು. ಇಷ್ಟು ಮೆಲ್ಲಗಿನ ಶಕ್ತಿ ಲೋಕದಲ್ಲಿದೆಯೆಂದು ಆ ವಯಸ್ಸಿನವರೆಗೂ ನನಗೆ ತಿಳಿದಿರಲಿಲ್ಲ.

"ಫೋನಿಂದಲ್ಲ ಕಣವ್ವ" ಎಂದೆ ಆಕೆಗೆ. "ನಾನ್ ಆಕಿದ್ ವೈರು. ತಪ್ಪು ನಂದು."

ಆಕೆ ಮೂಲೆಯ ಚಾರ್ಜರನ್ನು ಎತ್ತಿಕೊಂಡಳು. "ಮೊಗ ಉಟ್ಟಾಯ್ತು ಕಣಣ್ಣಯ್ಯ. ಅವ್ಳು ನೋವಲ್ಲಿ ಅವ್ವಾ ಅವ್ವಾ ಅಂತ ಫೋನ್ ಮಾಡವ್ಳೆ, ಇಲ್ಲಿ ಫೋನ್ ಸತ್ತಿತ್ತು. ಮೊಗ ಉಟ್ಟಿದ್ನ ಒಳೆ ದಾಟೋಕ್ ಬಂದೋನ್ ಯಾವನೋ ಯೋಳ್ದ."

ಹೊಸ ವೈರನ್ನು ತುಂಡಿಲ್ಲದೆ ಎಳೆದು, ಅಂಚಿನ ಮೇಲೆ ಎತ್ತರಕ್ಕೆ ಕಟ್ಟಿದೆ. ಆಮೇಲೂ ತಳದ ಆ ನೀರನ್ನೇ ನೋಡುತ್ತ ಕೂತೆ.

"ನೋಡಿದ್ದು ಸಾಕು ಬುಡು" ಎಂದಳು ಆಕೆ, ಚಾರ್ಜರು ಸಿಕ್ಕಿಸುತ್ತ. "ಅಲಗೆ ಮುಚ್ಚು, ಜನ ಕಾಯ್ತಾವ್ರೆ."